ಹೈಬರ್ನೇಟ್ ಆದ ಲ್ಯಾಪ್‌ಟಾಪ್ ಮತ್ತೆ ಏಳದಿದ್ದರೆ

ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆಲ್ಲ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ವಿದ್ಯುತ್ ಹೋದರೆ ರ‍್ಯಾಮ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಪರೀಕ್ಷೆಯಲ್ಲಿ ನಾನೂ ಅದನ್ನು ಬರೆದು ಅಂಕ ಪಡೆದಿದ್ದೇನೆ. ಅದರ ಅರ್ಥ ಸರಿಯಾಗಿ ತಿಳಿದದ್ದು ಮಾತ್ರ ಅಕ್ಕನ ಲ್ಯಾಪ್‌ಟಾಪಿನಿಂದ.

ಅಕ್ಕ ಬಿ.ಎಡ್. ಓದುತ್ತಿದ್ದಾಳೆ. ಬೋಧನಾಭ್ಯಾಸಕ್ಕೆ ಹೋಗುವ ಶಾಲೆಯ 42 ಮಕ್ಕಳ ಕಿರುಪರೀಕ್ಷೆಯ ಅಂಕಗಳನ್ನು ಒಂದೊಂದು ಪ್ರಶ್ನೆಗೂ ಬೇರೆ ಬೇರೆಯಾಗಿ ಟೆಕ್ಸ್ಟ್ ಎಡಿಟರ್‌ನಲ್ಲಿ ಟೈಪ್ ಮಾಡುತ್ತಿದ್ದಳು. ಫೈಲಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಅಷ್ಟರಲ್ಲಿ ಉಮ್ಮ ಊಟಕ್ಕೆ ಕರೆದರು. ಬ್ಯಾಟರಿಯೂ ಮುಗಿಯುತ್ತಾ ಬಂದಿತ್ತು.

"ಸೇವ್ ಮಾಡ್ಬೇಕಾ?" ಎಂದು ಕೇಳಿದಳು.

"ಬೇಡ ಅಕ್ಕಾ, ಹೈಬರ್ನೇಟ್ ಮಾಡು. ಎಲ್ಲ ಹಾಗೇ ಇರ್ತದೆ" ಅಂದೆ.

ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಹೈಬರ್ನೇಟ್ ವ್ಯವಸ್ಥೆ ಮಾಡಿಕೊಟ್ಟವನು ನಾನೇ. ಎರಡು ವಾರ ಅದು ಚೆನ್ನಾಗಿಯೇ ನಡೆದಿತ್ತು. ಅಂದು ಮಧ್ಯಾಹ್ನ ಅಪ್‌ಡೇಟ್ ಮಾಡಿದ್ದೆ, ಹೊಸ ಕರ್ನಲ್ ಬಂದಿತ್ತು. ಊಟ ಮುಗಿಸಿ ಬಂದು ಆನ್ ಮಾಡಿದರೆ ಖಾಲಿ ಡೆಸ್ಕ್‌ಟಾಪ್. ಅಂಕಗಳಿಲ್ಲ, ಎಡಿಟರ್ ಕೂಡ ತೆರೆದಿಲ್ಲ. ಅಕ್ಕ ಏನೂ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಇಲ್ಲಿ ಸ್ಲೀಪ್‌ಗೂ ಹೈಬರ್ನೇಟ್‌ಗೂ ಇರುವ ವ್ಯತ್ಯಾಸ ತಿಳಿಯಬೇಕು. ಸ್ಲೀಪ್‌ನಲ್ಲಿ ರ‍್ಯಾಮ್‌ಗೆ ಸ್ವಲ್ಪ ವಿದ್ಯುತ್ ಸಿಗುತ್ತಲೇ ಇರುತ್ತದೆ. ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿರುವುದರ ಪ್ರತಿಯನ್ನು ಡಿಸ್ಕಿನ ಸ್ವಾಪ್ ಜಾಗಕ್ಕೆ ಬರೆದು ಯಂತ್ರ ಪೂರ್ತಿ ಆಫ್ ಆಗುತ್ತದೆ. ಮರುದಿನ ಆನ್ ಮಾಡಿದಾಗ ಯಂತ್ರಕ್ಕೆ ತಾನು ಮಲಗಿದ್ದೆ ಎಂಬುದೇ ಗೊತ್ತಿರುವುದಿಲ್ಲ. ಮಾಮೂಲಿಯಂತೆ ಬೂಟ್ ಆಗಲು ತೊಡಗುತ್ತದೆ. ಆ ಹಾದಿಯಲ್ಲಿ "ಇಂಥ ಜಾಗದಲ್ಲಿ ಒಂದು ಪ್ರತಿ ಇದೆ, ಅದನ್ನು ಓದು" ಎಂದು ಯಾರಾದರೂ ಹೇಳಬೇಕು. ಹೇಳುವುದು ಬೂಟ್ ಸಾಲಿನಲ್ಲಿರುವ ರೆಸ್ಯೂಮ್ ಎಂಬ ಸೂಚನೆ. ಸ್ವಾಪ್ ಪ್ರತ್ಯೇಕ ಪಾರ್ಟಿಶನ್ ಆಗಿರದೆ ನಮ್ಮಲ್ಲಿದ್ದಂತೆ ಒಂದು ಫೈಲ್ ಆಗಿದ್ದರೆ, ಆ ಫೈಲ್ ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ ಎಂಬ ಸಂಖ್ಯೆಯೂ ಬೇಕು. ಅದಕ್ಕೆ ರೆಸ್ಯೂಮ್ ಆಫ್‌ಸೆಟ್ ಎನ್ನುತ್ತಾರೆ. ಸ್ವಾಪ್ ಫೈಲನ್ನು ಅಳಿಸಿ ಹೊಸದಾಗಿ ಮಾಡಿದರೆ ಈ ಸಂಖ್ಯೆ ಬದಲಾಗಬಹುದು.

ಹಾಗಾದರೆ ತಪ್ಪಿದ್ದೆಲ್ಲಿ? ಮೂರು ಸಾಧ್ಯತೆಗಳಿದ್ದವು. ಪ್ರತಿಯನ್ನು ಬರೆದೇ ಇಲ್ಲ. ಬರೆದಿದೆ, ಆದರೆ ಯಾರೂ ಹುಡುಕಲಿಲ್ಲ. ಅಥವಾ ಓದಿದೆ, ಆದರೆ ಯಾವುದೋ ಡ್ರೈವರ್ ಎಚ್ಚರವಾಗಲಿಲ್ಲ. ಮೂರನೆಯದಾದರೆ ಸಾಮಾನ್ಯವಾಗಿ ಪರದೆ ಕಪ್ಪಾಗಿಯೇ ನಿಲ್ಲುತ್ತದೆ. ಆಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಬದುಕಿದೆ, ಡಿಸ್‌ಪ್ಲೇ ಮಾತ್ರ ಎದ್ದಿಲ್ಲ ಎಂದು ತಿಳಿಯಬಹುದು. ನಮ್ಮದು ಅದಲ್ಲ, ಡೆಸ್ಕ್‌ಟಾಪ್ ಚೆನ್ನಾಗಿಯೇ ಬಂದಿತ್ತು.

ಜರ್ನಲ್ ಲಾಗ್ ತೆರೆದೆ. ಈ ಸಲದ ಬೂಟ್‌ನಲ್ಲಿ ಸ್ವಾಪ್ ಚಾಲೂ ಆಗುವಾಗ ಒಂದು ಸಾಲಿತ್ತು: ಹೈಬರ್ನೇಟ್‌ನ ಮಾಹಿತಿ ಕಂಡುಬಂದಿದೆ, ಸ್ವಾಪ್‌ನ ಗುರುತನ್ನು ಮತ್ತೆ ಬರೆಯಲಾಗುತ್ತಿದೆ ಎಂಬ ಅರ್ಥದ್ದು. ಅಂದರೆ ಪ್ರತಿ ಅಲ್ಲೇ ಇತ್ತು. ಯಾರೂ ಕೇಳದ ಕಾರಣ ಸಿಸ್ಟಮ್ ಅದರ ಗುರುತು ಅಳಿಸಿ ಜಾಗವನ್ನು ಸಾಮಾನ್ಯ ಬಳಕೆಗೆ ತೆಗೆದುಕೊಂಡಿತು. ಅಲ್ಲಿಗೆ ಅಂಕಗಳ ಆಸೆ ಬಿಟ್ಟೆ.

ಪ್ರಾಕ್ ಡೈರೆಕ್ಟರಿಯ ಸಿಎಂಡಿಲೈನ್ ಫೈಲಿನಲ್ಲಿ ಈಗಿನ ಬೂಟ್ ಸಾಲು ಕಾಣುತ್ತದೆ. ಅದರಲ್ಲಿ ರೆಸ್ಯೂಮ್ ಎಂಬ ಪದವೇ ಇರಲಿಲ್ಲ. ನಾನೇ ಬರೆದದ್ದು ಹೋದದ್ದೆಲ್ಲಿಗೆ?

ಉತ್ತರ ನಾಚಿಕೆಯದು. ಎರಡು ವಾರದ ಹಿಂದೆ ಆ ಸಾಲನ್ನು ನಾನು ನೇರವಾಗಿ ಗ್ರಬ್.ಸಿಎಫ್‌ಜಿ ಫೈಲಿನಲ್ಲಿ ಸೇರಿಸಿದ್ದೆ. ಆ ಫೈಲಿನ ಆರಂಭದಲ್ಲೇ ಇದನ್ನು ತಿದ್ದಬೇಡಿ, ಇದು ತಾನಾಗಿ ತಯಾರಾಗುವ ಫೈಲ್ ಎಂದು ದೊಡ್ಡಕ್ಷರಗಳಲ್ಲಿ ಬರೆದಿದೆ. ನಾನು ಓದದೆ ಕೆಳಗೆ ಸ್ಕ್ರಾಲ್ ಮಾಡಿದ್ದೆ. ಹೊಸ ಕರ್ನಲ್ ಬಂದಾಗ ಅಪ್‌ಡೇಟ್ ಆ ಫೈಲನ್ನು ಮೊದಲಿನಿಂದ ತಯಾರಿಸಿತು. ನನ್ನ ಸಾಲು ಮೂಲದಲ್ಲಿ ಇರಲಿಲ್ಲ, ಹಾಗಾಗಿ ಹೊಸ ಪ್ರತಿಯಲ್ಲೂ ಬರಲಿಲ್ಲ. ರಫ್ ಹಾಳೆಯಲ್ಲಿ ತಪ್ಪು ಬಿಟ್ಟು ಫೇರ್ ಕಾಪಿಯಲ್ಲಿ ಮಾತ್ರ ತಿದ್ದಿದ ಹಾಗೆ.

ತಿದ್ದಬೇಕಾದ ಜಾಗ ಈಟಿಸಿ ಡೈರೆಕ್ಟರಿಯೊಳಗೆ ಡಿಫಾಲ್ಟ್ ಎಂಬಲ್ಲಿರುವ ಗ್ರಬ್ ಎಂಬ ಫೈಲ್. ಅಲ್ಲಿ ಕರ್ನಲ್‌ನ ಆಯ್ಕೆಗಳಿರುವ ಸಾಲಿಗೆ ಪಾರ್ಟಿಶನ್‌ನ ಯುಯುಐಡಿ ಮತ್ತು ಆಫ್‌ಸೆಟ್ ಸೇರಿಸಿ, ಅಪ್‌ಡೇಟ್-ಗ್ರಬ್ ಕಮಾಂಡ್ ಕೊಟ್ಟೆ. ಆಫ್‌ಸೆಟ್ ಸಂಖ್ಯೆಯನ್ನು ಫೈಲ್‌ಫ್ರಾಗ್ ಕಮಾಂಡ್ ತೋರಿಸುತ್ತದೆ. ಅದರ ಮೊದಲ ಸಾಲಿನ ಫಿಸಿಕಲ್ ಆಫ್‌ಸೆಟ್ ಅಂಕಣದ ಮೊದಲ ಸಂಖ್ಯೆ ನಮಗೆ ಬೇಕಾದ್ದು. ಪಕ್ಕದ ಅಂಕಣ ನೋಡಿ ಮೋಸಹೋಗಬೇಡಿ, ನಾನು ಒಮ್ಮೆ ಹೋಗಿದ್ದೆ. ನಂತರ ಒಮ್ಮೆ ರೀಸ್ಟಾರ್ಟ್ ಮಾಡಿ, ಬೂಟ್ ಸಾಲಿನಲ್ಲಿ ರೆಸ್ಯೂಮ್ ಬಂದಿದೆಯೇ ನೋಡಿ, ಕಳೆದುಹೋದರೂ ನಷ್ಟವಿಲ್ಲದ ಒಂದು ವಿಂಡೋ ತೆರೆದಿಟ್ಟು ಹೈಬರ್ನೇಟ್ ಮಾಡಿದೆ. ಎದ್ದಿತು. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಈಗ ಇದನ್ನೇ ಮಾಡುತ್ತೇನೆ.

ಆ ರಾತ್ರಿ ಉತ್ತರಪತ್ರಿಕೆಗಳ ಕಟ್ಟು ಹಿಡಿದು ನಾನು ಒಂದೊಂದೇ ಅಂಕ ಓದಿದೆ, ಅಕ್ಕ ಟೈಪ್ ಮಾಡಿದಳು. ಮುಗಿಯುವಾಗ ಹನ್ನೆರಡು ದಾಟಿತ್ತು. ಐದು ಮಕ್ಕಳಿಗೊಮ್ಮೆ ಅವಳು ಕಂಟ್ರೋಲ್-ಎಸ್ ಒತ್ತುತ್ತಿದ್ದಳು, ನನ್ನ ಮುಖ ನೋಡಿಕೊಂಡೇ.