ಚೀಲದಲ್ಲಿರುವ ಎರಡು ಕಲ್ಲುಗಳು

ಪಾಠಭಾಗ: ಧರ್ಮೋಪದೇಶಕಾಂಡ 25:13-16

ಕೊಳ್ಳುವದಕ್ಕೆ ಒಂದು ತೂಕದ ಕಲ್ಲು, ಮಾರುವದಕ್ಕೆ ಇನ್ನೊಂದು, ಹೀಗೆ ಎರಡನ್ನು ಚೀಲದಲ್ಲಿಟ್ಟುಕೊಳ್ಳುವವನು ದೇವರಿಗೆ ಅಸಹ್ಯನೆಂದು ಮೋಶೆಯು ಬೋಧಿಸಿದನು. ಇದು ಸಂತೆಯ ವ್ಯಾಪಾರಿಗೆ ಹೇಳಿದ ಮಾತೆಂದು ನಾವು ಓದಿ ದಾಟಿಬಿಡುತ್ತೇವೆ. ಆದರೆ ಮನುಷ್ಯರ ರಕ್ತವನ್ನು ತೂಗುವಾಗಲೂ ನಮ್ಮ ಚೀಲದಲ್ಲಿ ಎರಡು ಕಲ್ಲುಗಳು ಉಂಟೋ ಎಂದು ವಿಚಾರಿಸೋಣ. ದಕ್ಷಿಣ ಅಮೇರಿಕದ ಪೆರು ದೇಶದಲ್ಲಿ ನಡೆದ ಸಂಗತಿಗಳು ಈ ವಿಚಾರಕ್ಕೆ ತಕ್ಕವುಗಳಾಗಿವೆ.

ಆ ದೇಶದ ಆಯಾಕುಚೋ ಎಂಬ ಬೆಟ್ಟಸೀಮೆಯಲ್ಲಿ 1980ನೇ ಇಸವಿಯಲ್ಲಿ ‘ಹೊಳೆಯುವ ಮಾರ್ಗ’ ಎಂದು ಹೆಸರಾದ ಪಕ್ಷದವರು ಬಡವರ ರಾಜ್ಯವನ್ನು ಕಟ್ಟುವೆವೆಂದು ಹೇಳಿ ಸರಕಾರದ ಮೇಲೆ ಆಯುಧವೆತ್ತಿದರು. ಅವರ ನಾಯಕನಾದ ಅಬಿಮಾಯೆಲ್ ಗುಸ್ಮಾನನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರವನ್ನು ಕಲಿಸುತ್ತಿದ್ದವನು. ಲುಕಾನಮಾರ್ಕಾ ಎಂಬ ಊರಿನವರು ತಮಗೆ ಎದುರು ನಿಂತರೆಂಬ ಹಗೆಯಿಂದ ಇವರು 1983ನೇ ಏಪ್ರಿಲ್ 3ರಂದು ಅಲ್ಲಿಯ 69 ಮಂದಿ ಒಕ್ಕಲು ಜನರನ್ನು, ಎಳೆಯ ಮಕ್ಕಳನ್ನೂ ಬಿಡದೆ, ಕೊಡಲಿ ಕತ್ತಿಗಳಿಂದ ಕೊಂದರು. ಬಡವರ ಹೆಸರು ಹೇಳಿ ಎದ್ದವರು ಕೊಂದದ್ದು ಬಡವರನ್ನೇ.

ಇವರನ್ನು ಅಡಗಿಸುವದಕ್ಕೆ ಬಂದ ಸರಕಾರದ ದಂಡು ಏನು ಮಾಡಿತು? 1984ನೇ ಆಗಸ್ಟ್ 1ರಂದು ಉವಾಂತಾ ಪಟ್ಟಣದ ಬಳಿಯ ಕಾಲ್ಕಿ ಎಂಬ ಹಳ್ಳಿಯಲ್ಲಿ ಪ್ರೆಸ್ಬಿಟೇರಿಯನ್ ಸಭೆಯವರು ಆರಾಧನೆಗೆ ಕೂಡಿದ್ದರು. ನೌಕಾದಳದ ಸಿಪಾಯಿಗಳು ಒಳಗೆ ನುಗ್ಗಿ, ಆರು ಮಂದಿಯನ್ನು ಹೊರಗೆ ಎಳೆದುಕೊಂಡು ಹೋಗಿ, ಉಳಿದವರು ಹಾಡುತ್ತಲೇ ಇರಬೇಕೆಂದು ಅಪ್ಪಣೆ ಮಾಡಿ, ಆ ಆರು ಮಂದಿಯನ್ನು ಗುಂಡಿಟ್ಟು ಕೊಂದರು.

ಕಾಲ್ಕಿಯ ಸುದ್ದಿಯನ್ನು ಓದುವಾಗ ನಮ್ಮ ಕಣ್ಣುಗಳಲ್ಲಿ ನೀರು ಬರುತ್ತದೆ, ಯಾಕಂದರೆ ಸತ್ತವರು ನಮ್ಮ ಮತದವರು. ಲುಕಾನಮಾರ್ಕಾದ ಕೂಸುಗಳಿಗೂ ಅಷ್ಟೇ ನೀರು ಬಂತೋ? ಬಾರದಿದ್ದರೆ ಚೀಲದೊಳಗಿನ ಎರಡನೆಯ ಕಲ್ಲು ಕೈಗೆ ಸಿಕ್ಕಿತು.

2001ನೇ ಇಸವಿಯಲ್ಲಿ ಆ ದೇಶದವರು ಸತ್ಯವನ್ನು ವಿಚಾರಿಸುವದಕ್ಕೆ ಒಂದು ಮಂಡಳಿಯನ್ನು ನೇಮಿಸಿದರು. ಅದು ಸುಮಾರು 17,000 ಸಾಕ್ಷಿಗಳನ್ನು ಬರೆದುಕೊಂಡು 2003ರ ಆಗಸ್ಟಿನಲ್ಲಿ ವರದಿಯನ್ನು ಒಪ್ಪಿಸಿತು. ಅರ್ಧಕ್ಕಿಂತ ಹೆಚ್ಚು ಸಾವುಗಳನ್ನು ‘ಹೊಳೆಯುವ ಮಾರ್ಗ’ದವರ ಮೇಲೆಯೇ ಹೊರಿಸಿತು, ಆದರೂ ಸಿಪಾಯಿಗಳು ಮಾಡಿದ ಕೊಲೆಗಳನ್ನೂ, ಜನರನ್ನು ಹಿಡಿದೊಯ್ದು ಕಾಣದಂತೆ ಮಾಡಿದ್ದನ್ನೂ, ಹೆಂಗಸರ ಮಾನಭಂಗವನ್ನೂ ಮುಚ್ಚಲಿಲ್ಲ. ಗುಸ್ಮಾನನಿಗೆ 2006ರಲ್ಲಿ ಜೀವಾವಧಿ ಸೆರೆಯಾಯಿತು. ಅಧ್ಯಕ್ಷನಾಗಿದ್ದ ಫುಜಿಮೋರಿಗೂ, ತನ್ನ ಆಳಿಕೆಯಲ್ಲಿ ನಡೆದ ಕೊಲೆಗಳ ನಿಮಿತ್ತ, 2009ರಲ್ಲಿ 25 ವರುಷಗಳ ಸೆರೆಯಾಯಿತು.

ಸತ್ತವರೂ ಕಾಣದೆ ಹೋದವರೂ ಕೂಡಿ 69,280 ಮಂದಿ ಎಂದು ಮಂಡಳಿಯು ಅಂದಾಜು ಮಾಡಿತು. ಇದು ಅದಕ್ಕೆ ಮುಂಚೆ ಹೇಳುತ್ತಿದ್ದ ಲೆಕ್ಕಕ್ಕೆ ಇಮ್ಮಡಿಗಿಂತಲೂ ಹೆಚ್ಚು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿನವರು ಬೆಟ್ಟದ ಕೆಚುವಾ ಭಾಷೆಯನ್ನಾಡುವ ಹಳ್ಳಿಗರು. ರಾಜಧಾನಿಯಲ್ಲಿದ್ದವರು ಬಹುಕಾಲ ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.