ಹಳೆಯ ಟಿಲ್ಲರ್ ಗಾಲಿಗೆ ಪೌಡರ್ ಕೋಟಿಂಗೋ, ಬಣ್ಣವೋ?

ಪವರ್ ಟಿಲ್ಲರ್ ಮತ್ತು ಸಣ್ಣ ಟ್ರ್ಯಾಕ್ಟರುಗಳು ನಮ್ಮ ತೋಟಗಳಿಗೆ ಬಂದು ದಶಕಗಳೇ ಸಂದಿವೆ. ರಿಂಗು, ಪಿಸ್ಟನ್ನು ಬದಲಿಸಿದರೆ ಇನ್ನೂ ಬಹುಕಾಲ ದುಡಿಯಬಲ್ಲ ಯಂತ್ರಗಳು ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿವೆ. ಆದರೆ ಅವುಗಳ ಗಾಲಿಯ ರಿಮ್ಮನ್ನು ನೋಡಿದರೆ ಯಂತ್ರವನ್ನು ಗುಜರಿಗೆ ಕೊಡಬೇಕೆನಿಸುತ್ತದೆ. ಪೇಟೆಯಲ್ಲಿ ಕಿಟಕಿಯ ಗ್ರಿಲ್ಲಿಗೆ ಮಾಡುವಂತೆ ರಿಮ್ಮಿಗೂ ಪೌಡರ್ ಕೋಟಿಂಗ್ ಮಾಡಿಸಿದರೆ ಮತ್ತೆ ಬಣ್ಣದ ಗೊಡವೆಯೇ ಇರದಂತೆ, ಹೌದೆ ಎಂದು ಸದಸ್ಯರಲ್ಲಿ ಹಲವರು ಕಚೇರಿಗೆ ಬಂದಾಗ ವಿಚಾರಿಸುತ್ತಾರೆ. ಒಂದೇ ಮಾತಿನ ಉತ್ತರ ಇದಕ್ಕಿಲ್ಲ. ರಿಮ್ಮಿನ ಈಗಿನ ಸ್ಥಿತಿ ಏನು, ಅದು ಮಾಡುವ ಕೆಲಸ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ.

ನಮ್ಮಲ್ಲಿ ರಿಮ್ಮು ಬೇಗ ತುಕ್ಕು ಹಿಡಿಯಲು ಮಳೆಯೊಂದೇ ಕಾರಣವಲ್ಲ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುವುದು ನಮಗೆಲ್ಲ ರೂಢಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ತಾಮ್ರವೇ. ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತದೆ, ಅದರ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಮೈಲುತುತ್ತದ ನೀರು ರಿಮ್ಮಿನ ಮೇಲೆ ಚೆಲ್ಲಿದಾಗ ನಡೆಯುವುದೂ ಇದೇ. ಹೀಗೆ ಕೂತ ತಾಮ್ರ ತೇವವಿರುವಾಗ ತನ್ನ ಸುತ್ತಲಿನ ಕಬ್ಬಿಣವನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ಸುಣ್ಣ ಸರಿಯಾಗಿ ಬೆರೆತ ದ್ರಾವಣದಿಂದ ಈ ಹಾನಿ ಅತ್ಯಲ್ಪ. ತೊಂದರೆಯಾಗುವುದು ಬರಿಯ ಮೈಲುತುತ್ತ ಕರಗಿಸಿದ ಪೀಪಾಯಿಯನ್ನು ಟ್ರೈಲರಿನಲ್ಲಿ ಸಾಗಿಸುವಾಗ. ಪೊಟ್ಯಾಷ್ ಗೊಬ್ಬರದ ಚೀಲದಿಂದ ಉದುರಿದ ಪುಡಿಯೂ ಉಪ್ಪಿನ ಜಾತಿಯದೇ; ತೇವ ಹೀರಿ ರಿಮ್ಮಿನ ಸಂದಿಯಲ್ಲಿ ಕೂತುಕೊಳ್ಳುತ್ತದೆ. ಈ ಲವಣಗಳು ತುಕ್ಕಿನ ಗುಳಿಗಳ ಒಳಗೆ ಉಳಿದರೆ ಮೇಲೆ ಯಾವ ಲೇಪ ಹಾಕಿದರೂ ಅದು ಗುಳ್ಳೆ ಎದ್ದು ಹೋಗುತ್ತದೆ. ಆದುದರಿಂದ ಮೊದಲ ಕೆಲಸ ಬ್ರಷ್ಷಿನದಲ್ಲ, ನೀರಿನದು. ಸೋಪು ಹಾಕಿ ತೊಳೆದು, ಧಾರಾಳವಾಗಿ ನೀರು ಬಿಟ್ಟು, ಒಣಗಿಸಿದ ಮೇಲೆಯೇ ತುಕ್ಕು ಕೆರೆಯತಕ್ಕದ್ದು.

ಟೈರು ಬಿಚ್ಚುವಾಗ ಒಂದು ಎಚ್ಚರಿಕೆ. ಸಣ್ಣ ಯಂತ್ರಗಳಲ್ಲಿ ಎರಡು ಹೋಳುಗಳನ್ನು ಬೋಲ್ಟಿನಿಂದ ಜೋಡಿಸಿದ ರಿಮ್ಮುಗಳು ಇರುತ್ತವೆ. ಗಾಲಿಯನ್ನು ಹಬ್ಬಿಗೆ ಹಿಡಿದ ನಟ್ಟು ಬೇರೆ, ಹೋಳುಗಳನ್ನು ಹಿಡಿದ ನಟ್ಟು ಬೇರೆ. ಗಾಳಿ ಇರುವಾಗ ಎರಡನೆಯದನ್ನು ಬಿಚ್ಚಿದರೆ ಹೋಳು ಸಿಡಿದು ಕೈಕಾಲು, ಮುಖ ಯಾವುದನ್ನೂ ಬಿಡದು. ವಾಲ್ವಿನ ಪಿನ್ನನ್ನೇ ಹೊರತೆಗೆದು, ಗಾಳಿ ಪೂರ್ತಿ ಹೋಯಿತೆಂದು ಖಾತ್ರಿಯಾದ ಮೇಲೆ ಕೈ ಹಾಕಬೇಕು. ಟೈರು ಇರುವ ರಿಮ್ಮಿಗೆ ವೆಲ್ಡಿಂಗ್ ಮಾಡಿಸುವುದು ಇನ್ನೂ ಅಪಾಯ. ಗಾಳಿ ಬಿಟ್ಟಿದ್ದರೂ ಒಳಗಿನ ರಬ್ಬರು ಕಾದು ಅನಿಲವಾಗಿ ಸ್ಫೋಟಿಸಬಹುದು.

ಇನ್ನು ಪೌಡರ್ ಕೋಟಿಂಗ್ ಎಂದರೇನು ನೋಡೋಣ. ಇದರಲ್ಲಿ ಥಿನ್ನರು ಇಲ್ಲ, ಎಣ್ಣೆ ಇಲ್ಲ. ಒಣ ಪುಡಿಗೆ ಗನ್ನಿನಲ್ಲಿ ವಿದ್ಯುತ್ತಿನ ಆವೇಶ ಕೊಟ್ಟು, ಭೂಮಿಗೆ ಸಂಪರ್ಕಿಸಿದ ಲೋಹದ ಮೇಲೆ ಊದುತ್ತಾರೆ. ಪುಡಿ ತಾನಾಗಿ ಅಂಟುತ್ತದೆ. ಬಳಿಕ ಓವನ್ನಿನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಬೇಯಿಸಿದರೆ ಪುಡಿ ಕರಗಿ, ಹರಡಿ, ಗಟ್ಟಿಯಾಗುತ್ತದೆ. ಒಂದೇ ಸಲಕ್ಕೆ 60ರಿಂದ 80 ಮೈಕ್ರಾನು ದಪ್ಪದ, ಡೀಸೆಲ್ಲಿಗೂ ಸಣ್ಣ ಕಲ್ಲಿನ ಪೆಟ್ಟಿಗೂ ಸುಲಭವಾಗಿ ಸೋಲದ ಪದರ ದೊರೆಯುತ್ತದೆ. ಬ್ರಷ್ಷಿನಿಂದ ಹೊಡೆದ ಎನಾಮೆಲ್ಲಿನಲ್ಲಿ ಅಷ್ಟು ದಪ್ಪ ಬರಬೇಕಾದರೆ ಎರಡು ಮೂರು ಕೈ ಬೇಕು. (ಅಡಿಕೆ ಬೇಯಿಸುವ ಒಲೆಯಲ್ಲಿ ಇದನ್ನು ಮಾಡಲಾಗದೆ ಎಂದು ಒಬ್ಬರು ಕೇಳಿದ್ದುಂಟು. ಆಗದು. ಶಾಖ ಸಮನಾಗಿ ನಿಲ್ಲದಿದ್ದರೆ ಒಂದು ಬದಿ ಸುಟ್ಟು ಮತ್ತೊಂದು ಬದಿ ಹಸಿಯಾಗಿ ಉಳಿಯುತ್ತದೆ.)

ಹಾಗಿದ್ದರೆ ತೊಡಕೇನು? ಮೂರು ಕಾಣುತ್ತವೆ. ರಿಮ್ಮಿಗೆ ತಟ್ಟೆ ಬೆಸೆದಿರುವ ಒಳಮೂಲೆಗೆ ಆವೇಶ ಹೊತ್ತ ಪುಡಿ ಸರಿಯಾಗಿ ಇಳಿಯುವುದಿಲ್ಲ. ಮೂಲೆಯ ಎರಡೂ ಬದಿ ಅದನ್ನು ಮೊದಲೇ ಎಳೆದುಕೊಳ್ಳುತ್ತವೆ. ನಮ್ಮ ಕೆಸರು ನಿಲ್ಲುವುದು ಸರಿಯಾಗಿ ಅಲ್ಲೇ. ಎರಡನೆಯದಾಗಿ, ಹಳೆಯ ಗುಳಿಗಳಲ್ಲಿ ಉಳಿದ ಜಿಡ್ಡು ಓವನ್ನಿನಲ್ಲಿ ಆವಿಯಾಗಿ ಪದರದಲ್ಲಿ ಸೂಜಿಮೊನೆಯಷ್ಟು ತೂತು ಬಿಡುತ್ತದೆ. ಗುಳಿ ಮುಚ್ಚಲು ಹಾಕಿದ ಸಾಮಾನ್ಯ ಪುಟ್ಟಿಯೂ ಆ ಶಾಖಕ್ಕೆ ತಡೆಯದು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು ಮೂರನೆಯದು. ಟೈರು ಎಬ್ಬಿಸುವ ಲಿವರು ತಾಗಿ ಅಂಚಿನಲ್ಲಿ ಪದರ ಒಡೆದರೆ ನೀರು ಅಡಿಯಲ್ಲಿ ನುಸುಳುತ್ತಾ ಹೋಗುತ್ತದೆ. ಮೇಲೆ ನೋಡಿದರೆ ಹೊಳಪು ಹಾಗೆಯೇ ಇರುತ್ತದೆ. ಒಂದು ದಿನ ಹಪ್ಪಳದಂತೆ ಎದ್ದು ಬಂದಾಗಲೇ ಕೆಳಗಿನ ಲೋಹ ಸವೆದದ್ದು ತಿಳಿಯುವುದು. ಬಣ್ಣವಾದರೋ ಏಳುವ ಜಾಗದಲ್ಲೇ ಕಲೆ ತೋರಿಸುತ್ತದೆ, ಅಲ್ಲಷ್ಟೇ ಉಜ್ಜಿ ಮತ್ತೆ ಬಳಿದರಾಯಿತು. ಪೌಡರಿನ ಪದರಕ್ಕೆ ಹಾಗೆ ತೇಪೆ ಹಾಕಲಾಗದು. ಮೊದಲಿನಂತಾಗಬೇಕಾದರೆ ಪೂರ್ತಿ ತೆಗೆದು ಪುನಃ ಬೇಯಿಸಬೇಕು.

ಆದುದರಿಂದ ಗುಳಿ ಬಿದ್ದ, ಕೆಸರಿನಲ್ಲೂ ಔಷಧಿ ಸಾಗಣೆಯಲ್ಲೂ ದುಡಿಯುವ ರಿಮ್ಮಿಗೆ ಬಣ್ಣವೇ ಲೇಸು. ಸುತ್ತಿಗೆಯ ಮೊನೆಯಿಂದ ಗುಳಿಗಳನ್ನು ತಟ್ಟಿ ನೋಡಿ, ತಗಡು ಒಳಗೆ ಹೋದರೆ ಯಾವ ಲೇಪವೂ ಬೇಡ, ರಿಮ್ಮನ್ನೇ ಬದಲಿಸಿ. ಗಟ್ಟಿಯಿದ್ದರೆ ತಂತಿ ಬ್ರಷ್ಷು, ಎಮರಿ ಕಾಗದ ಹಾಕಿ ಲೋಹ ಕಾಣುವವರೆಗೆ ತಿಕ್ಕಿ, ಅಂದೇ ಇಬ್ಬನಿ ಬೀಳುವ ಮೊದಲು ಪ್ರೈಮರು ಹಚ್ಚಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಮೂಗು ಬಾಯಿ ಕಟ್ಟಿಕೊಳ್ಳದೆ ತಿಕ್ಕಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ರೆಡ್ ಆಕ್ಸೈಡ್ ಅಗ್ಗ, ಸಾಮಾನ್ಯ ಕೆಲಸಕ್ಕೆ ನಡೆದೀತು. ಔಷಧಿಯ ಗಾಡಿಗೆ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ಅದರ ಮೇಲೆ ಎನಾಮೆಲ್ ಎರಡು ಕೈ. ಒಂದು ಕೈ ಚೆನ್ನಾಗಿ ಒಣಗದೆ ಇನ್ನೊಂದು ಕೈ ಬೇಡ. ಪಾಲಿಯುರೆಥೇನ್ ಬಣ್ಣ ಹೆಚ್ಚು ಬಾಳುತ್ತದೆ ನಿಜ, ಆದರೆ ಅದರ ಹಾರ್ಡನರಿನ ಹನಿ ಉಸಿರಿನೊಂದಿಗೆ ಒಳಹೋದರೆ ದಮ್ಮು ಹಿಡಿಯಬಹುದು. ತಕ್ಕ ಮುಖವಾಡವಿಲ್ಲದೆ ಸ್ಪ್ರೇ ಮಾಡುವುದು ಸಲ್ಲದು. ಕಾಫಿ ಕೊಯಿಲು ಮುಗಿದು ಹೂಮಳೆ ಬೀಳುವುದರೊಳಗಿನ ಒಣ ಹವೆ ಈ ಕೆಲಸಕ್ಕೆ ತಕ್ಕ ಕಾಲ.

ಗುಳಿಯಿಲ್ಲದ ಗಟ್ಟಿ ರಿಮ್ಮು, ಹೊಸದಾಗಿ ಕೊಂಡ ಬದಲಿ ರಿಮ್ಮು, ಹೆಚ್ಚಾಗಿ ರಸ್ತೆಯಲ್ಲೇ ಓಡುವ ಟ್ರೈಲರಿನ ಗಾಲಿ ಇವುಗಳಿಗೆ ಪೌಡರ್ ಕೋಟಿಂಗ್ ಮಾಡಿಸಬಹುದು. ಮರಳು ಸಿಡಿಸಿ ತುಕ್ಕು ತೆಗೆದು, ಫಾಸ್ಫೇಟ್ ಸಂಸ್ಕಾರ ಕೊಟ್ಟು, ಅಡಿಗೆ ಎಪಾಕ್ಸಿ ಪುಡಿ, ಮೇಲೆ ಪಾಲಿಯೆಸ್ಟರ್ ಪುಡಿ ಹಾಕುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಎಪಾಕ್ಸಿ ಒಂದನ್ನೇ ಹಾಕಿದರೆ ಬಿಸಿಲಿಗೆ ಸುಣ್ಣದಂತೆ ಬೆಳ್ಳಗೆ ಪುಡಿಯೇಳುತ್ತದೆ. ಕೆಲವರು ಚದರ ಅಡಿಯ ಲೆಕ್ಕ, ಕೆಲವರು ತೂಕದ ಲೆಕ್ಕ ಹೇಳುತ್ತಾರೆ. ರಿಮ್ಮಿಗೆ ಇಷ್ಟು ಎಂದು ಗೊತ್ತುಮಾಡಿಕೊಳ್ಳುವುದು ಉತ್ತಮ. ಒಬ್ಬರೇ ಎರಡು ಗಾಲಿ ಹೊತ್ತು ಪೇಟೆಗೆ ಹೋದರೆ ಬಸ್ಸಿನ ಖರ್ಚೂ ಗಿಟ್ಟದು. ಒಂದೇ ಊರಿನ ನಾಲ್ಕಾರು ಸದಸ್ಯರು ಗಾಲಿಗಳನ್ನು ಕೂಡಿಸಿ ಕಳಿಸಿದರೆ ಓವನ್ನು ತುಂಬುತ್ತದೆ, ದರವನ್ನೂ ಚೌಕಾಸಿ ಮಾಡಬಹುದು. ಬೇರಿಂಗು, ಆಯಿಲ್ ಸೀಲು, ಟ್ಯೂಬಿನ ವಾಲ್ವು ಯಾವುದೂ ರಿಮ್ಮಿನೊಂದಿಗೆ ಹೋಗಬಾರದು.

ಲೇಪ ಯಾವುದೇ ಇರಲಿ, ನಟ್ಟು ಕೂರುವ ಗುಳಿಗಳನ್ನೂ ಹಬ್ಬಿಗೆ ತಾಗುವ ಮುಖವನ್ನೂ ಬರಿದಾಗಿ ಬಿಡಲು ಮೊದಲೇ ಹೇಳಬೇಕು. ಅಲ್ಲಿ ದಪ್ಪ ಪದರ ಕೂತರೆ ಬಿಗಿದ ನಟ್ಟಿನ ಅಡಿಯಲ್ಲಿ ಅದು ಕ್ರಮೇಣ ನುಜ್ಜಾಗಿ ತೆಳುವಾಗುತ್ತದೆ, ನಟ್ಟು ತಾನಾಗಿ ಸಡಿಲವಾಗುತ್ತದೆ. ಗೊಬ್ಬರ ಹೇರಿದ ಗಾಡಿ ತೋಟದ ಇಳಿಜಾರಿನಲ್ಲಿ ಇಳಿಯುವಾಗ ಗಾಲಿ ಕಳಚಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಪೌಡರಿನವರು ಕೇಳದಿದ್ದರೆ ಇಡೀ ಗಾಲಿಗೆ ಪುಡಿ ಊದಿಬಿಡುತ್ತಾರೆ. ಹಾಗೆ ಬಂದ ಗಾಲಿಯಾದರೆ ಜೋಡಿಸುವ ಮುನ್ನ ಆ ಜಾಗಗಳಷ್ಟನ್ನು ಕೆರೆದು ತೆಗೆಯಿರಿ. ಜೋಡಿಸುವಾಗ ನಟ್ಟುಗಳನ್ನು ಒಂದರ ಎದುರಿಗೊಂದು ಕ್ರಮದಲ್ಲಿ ಬಿಗಿದು, ಒಂದು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ, ಮರುದಿನ ಕೆಲಸಕ್ಕೆ ಹೂಡುವ ಮೊದಲು ಇನ್ನೊಮ್ಮೆ ಪಾನಾ ಹಾಕಿ ನೋಡತಕ್ಕದ್ದು.