ತೋಟದ ಕೆರೆಗೆ ಬಣ್ಣ ಬರುವ ಕಾಲ

ಪ್ರಶ್ನೆ: ಉತ್ತರದ ತಣ್ಣನೆಯ ಸಮುದ್ರತೀರಗಳಲ್ಲಿ ಕಣ್ಣಿಗೆ ಕಾಣದ ಪಾಚಿ ಚಳಿಗಾಲವಿಡೀ ಅಡಗಿದ್ದು ವಸಂತದಲ್ಲಿ ಒಮ್ಮೆಲೇ ಹೆಚ್ಚುತ್ತದೆ ಎಂದು ಓದಿದೆ. ನಮ್ಮ ಕಾಫಿ ತೋಟದ ಕೆರೆಯೂ ಮಳೆಗಾಲದಲ್ಲಿ ಕೆಂಪು, ಚಳಿಗಾಲದಲ್ಲಿ ತಿಳಿ, ಬೇಸಿಗೆಯಲ್ಲಿ ಹಸಿರು. ಈ ಬೇಸಿಗೆಯಲ್ಲಂತೂ ಮಧ್ಯಾಹ್ನ ಇಟ್ಟಿಗೆ ಬಣ್ಣದ ಕೆನೆ ಕಟ್ಟಿ ಸಂಜೆಗೆ ಹಸಿರಾಗುತ್ತಿತ್ತು. ಇದೂ ಅದೇ ಬಗೆಯ ಋತುಚಕ್ರವೇ? ದನ ಕುಡಿದರೆ ತೊಂದರೆಯೇ? ಮೈಲುತುತ್ತ ಹಾಕಿದರೆ ಹೋಗುತ್ತದೆಯೇ?
— ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ಮೈಲುತುತ್ತ ಹಾಕಬೇಡಿ. ಏಕೆ ಎಂಬುದು ತಿಳಿಯಬೇಕಾದರೆ ಕೆರೆಯ ವರ್ಷವನ್ನು ಒಂದು ಸುತ್ತು ನೋಡಬೇಕಾಗುತ್ತದೆ.

ಸೂಕ್ಷ್ಮ ಪಾಚಿ ಎಲ್ಲೇ ಇರಲಿ, ಅದಕ್ಕೆ ಬೆಳಕು ಬೇಕು, ಸಾರಜನಕ, ರಂಜಕದಂಥ ಆಹಾರ ಬೇಕು, ಜೊತೆಗೆ ಒಂದು ಕಡೆ ನಿಂತು ಬೆಳೆಯುವಷ್ಟು ಸಮಯ ಬೇಕು. ನಾರ್ವೆ, ಸ್ಕಾಟ್ಲೆಂಡ್ ಕಡೆಯ ಸಮುದ್ರದಲ್ಲಿ ಚಳಿಗಾಲದ ಬಿರುಗಾಳಿ ನೀರನ್ನು ತಳದವರೆಗೆ ಕಲಕುತ್ತದೆ. ತಳದ ಗೊಬ್ಬರವೆಲ್ಲ ಮೇಲೆ ಬಂದರೂ ಹಗಲು ತೀರಾ ಚಿಕ್ಕದು. ಪಾಚಿಯ ಕೋಶಗಳೂ ನೀರಿನೊಂದಿಗೆ ಕತ್ತಲಿಗೆ ಇಳಿದು ಏಳುತ್ತಿರುತ್ತವೆ. ವಸಂತದಲ್ಲಿ ಹಗಲು ಬೆಳೆದು, ಮೇಲ್ಪದರ ತುಸು ಬೆಚ್ಚಗಾಗಿ ನೆಲೆ ನಿಂತಿತೆಂದರೆ ಕೆಲವೇ ವಾರಗಳಲ್ಲಿ ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿ ಕಡಲನ್ನು ತುಂಬುತ್ತದೆ. ನಾರ್ವೆಯ ಸಾಗರವಿಜ್ಞಾನಿ ಹಾರಾಲ್ಡ್ ಸ್ವೆರ್ಡ್ರಪ್ 1953ರಲ್ಲಿ ಇದರ ಲೆಕ್ಕಾಚಾರವನ್ನು ಮುಂದಿಟ್ಟರು. ಅದರ ಮೇಲೆ ಇಂದಿಗೂ ಚರ್ಚೆ ನಡೆಯುತ್ತಲೇ ಇದೆ. ಚಿಪ್ಪಿಗೆ ಬೇಕಾದ ಸಿಲಿಕಾ ಮುಗಿದ ಮೇಲೆ ಡಯಾಟಮ್ ಹಿಂದೆ ಸರಿದು ಬೇರೆ ಜಾತಿಗಳು ಮುಂದೆ ಬರುತ್ತವೆ.

ನಿಮ್ಮ ಕೆರೆಗೂ ಇದೇ ನಿಯಮ. ಆದರೆ ಅಲ್ಲಿ ಸೂರ್ಯ ಮಾಡುವ ಕೆಲಸವನ್ನು ಮಲೆನಾಡಿನಲ್ಲಿ ಮಳೆ ಮಾಡುತ್ತದೆ.

ಮೃಗಶಿರಾ ಹಿಡಿದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಮುಗಿಯುವವರೆಗೆ ಕೊಟ್ಟಿಗೆಹಾರ, ಕಳಸ, ಕುದುರೆಮುಖದ ಕಡೆ ಆಕಾಶ ಸರಿಯಾಗಿ ಕಾಣುವುದೇ ಅಪರೂಪ. ಹಳ್ಳಗಳು ಕೆಮ್ಮಣ್ಣು ಹೊತ್ತು ಬರುತ್ತವೆ, ಆ ರಾಡಿಯಲ್ಲಿ ಬೆಳಕು ಒಂದೆರಡು ಗೇಣಿಗಿಂತ ಕೆಳಗೆ ಇಳಿಯದು. ಅದಕ್ಕಿಂತ ದೊಡ್ಡ ಹೊಡೆತ ಹರಿವಿನದು. ಪಾಚಿಯ ಒಂದು ಕೋಶ ಎರಡಾಗಲು ಅನುಕೂಲ ಕಾಲದಲ್ಲೂ ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಸಣ್ಣ ಕೆರೆಯಾದರೆ ಅಷ್ಟರಲ್ಲಿ ಅದರ ನೀರೇ ಬದಲಾಗಿ ಕೋಡಿ ಹರಿದು ಹೋಗಿರುತ್ತದೆ. ತೋಟಕ್ಕೆ ಹಾಕಿದ ಗೊಬ್ಬರದ ಒಂದಷ್ಟು ಪಾಲು ಕೆರೆಗೆ ಇಳಿದರೂ ಅದನ್ನು ಉಣ್ಣುವವರು ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನೀವು ಮಳೆಗಾಲದಲ್ಲಿ ಕಾಣುವ ಕೆಂಪು ಮಣ್ಣಿನದು, ಜೀವದ್ದಲ್ಲ.

ಇದೇ ತಿಂಗಳುಗಳಲ್ಲಿ ಘಟ್ಟದ ಕೆಳಗೆ ಏನಾಗುತ್ತದೆ ನೋಡಿ. ಚಾರ್ಮಾಡಿ ಇಳಿದು ನೇತ್ರಾವತಿಯ ಜೊತೆ ಮಂಗಳೂರು ಸೇರಿದರೆ ಅಲ್ಲಿ ಮುಂಗಾರಿನಲ್ಲೇ ಪಾಚಿಯ ಸುಗ್ಗಿ. ದಂಡೆಗುಂಟ ಬೀಸುವ ಗಾಳಿ ಮೇಲ್ನೀರನ್ನು ದಡದಿಂದಾಚೆಗೆ ಸರಿಸುತ್ತದೆ, ಅದರ ಜಾಗಕ್ಕೆ ಆಳದ ತಣ್ಣನೆಯ, ಸತ್ವವುಳ್ಳ ನೀರು ಮೇಲೇಳುತ್ತದೆ. ಅದನ್ನುಂಡು ಡಯಾಟಮ್ ಹುಲುಸಾಗುತ್ತದೆ, ಡಯಾಟಮ್ ತಿಂದು ಬೂತಾಯಿ ಮೀನು ಕೊಬ್ಬುತ್ತದೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದು ಡಯಾಟಮ್ ಹೆಚ್ಚಿದರೆ ಬೂತಾಯಿಯೂ ಹೇರಳ ಎಂದು ನಮ್ಮ ದೇಶದ ವಿಜ್ಞಾನಿಗಳು 1955ರಲ್ಲೇ ಬರೆದಿದ್ದರು. ಒಂದೇ ಮುಂಗಾರು ಘಟ್ಟದ ಮೇಲೆ ಪಾಚಿಯನ್ನು ತೊಳೆದು ಹಾಕುತ್ತದೆ, ಘಟ್ಟದ ಕೆಳಗೆ ಬೆಳೆಸುತ್ತದೆ. ಮಂಗಳೂರಿನ ಮೀನು ಕೊಟ್ಟಿಗೆಹಾರ ಹತ್ತಿ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹಸ್ತಾ, ಚಿತ್ತಾ ಮಳೆ ಕಳೆದು ಹಳ್ಳ ತಿಳಿಯಾದ ಮೇಲೆ ಮಲೆನಾಡಿನ ಸರದಿ. ಮೊದಲು ಬರುವುದು ನಮ್ಮಲ್ಲೂ ಡಯಾಟಮ್‌ಗಳೇ. ಕಳಸದ ಬಳಿ ಅಂಬಾತೀರ್ಥದಲ್ಲಿ ಭದ್ರೆಯ ಬಂಡೆಗಳ ಮೇಲೆ ನವೆಂಬರ್ ಸುಮಾರಿಗೆ ಕಾಲಿಟ್ಟವರಿಗೆ ಅದರ ಪರಿಚಯ ಆಗಿಯೇ ಇರುತ್ತದೆ. ಜಾರುವುದು ಬಂಡೆಯಲ್ಲ, ಅದರ ಮೇಲಿನ ಕಂದು ಲೋಳೆ. ಬೆರಳಿನಿಂದ ಕೆರೆದರೆ ಹೊಂಗಂದು ಬಣ್ಣ ಅಂಟುತ್ತದೆ. ಬಿಸಿಲೇರಿದ ಮೇಲೆ ಅಲೆಯಿಲ್ಲದ ಮಡುವಿನಲ್ಲಿ ಬಗ್ಗಿ ನೋಡಿ: ಆ ಲೋಳೆಯ ಮೇಲೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂತಿರುತ್ತವೆ. ಅದು ಪಾಚಿ ಆಗಷ್ಟೇ ಬಿಟ್ಟ ಆಮ್ಲಜನಕ. ಗಾರ್ರಾ ಜಾತಿಯ ಪುಟ್ಟ ಮೀನುಗಳು, ಕಪ್ಪೆಮರಿಗಳು ಇದನ್ನೇ ಕೆರೆದು ತಿನ್ನುತ್ತವೆ. ಒಂದು ಚಿಟಿಕೆ ಲೋಳೆಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ದೋಣಿಯಂಥವು, ಬೆಣೆಯಂಥವು, ಸೂಜಿಯಂಥವು ಕಾಣುತ್ತವೆ. ಕೆಲವು ಗಾಜಿನ ಮೇಲೆ ನಿಧಾನವಾಗಿ ಜಾರುತ್ತಲೂ ಇರುತ್ತವೆ. ಡಯಾಟಮ್‌ಗಳಿಗಾಗಿ ಜೀವಮಾನ ಕೊಟ್ಟ ವಿಜ್ಞಾನಿ ಎಚ್.ಪಿ. ಗಾಂಧಿ 1950–60ರ ದಶಕಗಳಲ್ಲಿ ಜೋಗ ಮತ್ತು ಹಿರೇಭಾಸ್ಕರ ಅಣೆಕಟ್ಟಿನ ಸುತ್ತಲಿನ ನೀರಿನಿಂದ ಇವುಗಳ ಪಟ್ಟಿ ಮಾಡಿದರು. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಹೊಸ ಜಾತಿಗಳು ಇವತ್ತಿಗೂ ಸಿಗುತ್ತಿವೆ. ನಿಮ್ಮ ತೋಟದ ಹಳ್ಳದ ಕಲ್ಲಿನ ಮೇಲೂ ಹೆಸರಿಡದ ಒಂದು ಇದ್ದೀತು.

ಇನ್ನು ಮಾಗಿಯ ಚಳಿ. ನೀವು ಕೇಳಿದ ಉತ್ತರದ ಸಮುದ್ರಕ್ಕೆ ನಿಮ್ಮ ಕೆರೆ ಅತ್ಯಂತ ಹತ್ತಿರವಾಗುವುದು ಈಗ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಮೇಲ್ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ, ತಳದ ನೀರು ಮೇಲೆ ಬರುತ್ತದೆ. ಬಿರುಗಾಳಿ ಇಲ್ಲದೆಯೇ ಕೆರೆ ಕಲಕಿಕೊಳ್ಳುತ್ತದೆ. ಆಗಲೂ ನೀರು ತಿಳಿಯಾಗಿ ಕಾಣುವುದು ಪಾಚಿ ಇಲ್ಲವೆಂದಲ್ಲ, ಅಳತೆ ಮೀರಿಲ್ಲವೆಂದು. ನಮ್ಮ ಮೆದು ನೀರಿಗೆ ಒಗ್ಗಿದ ಡೆಸ್ಮಿಡ್ ಎಂಬ ಹಸಿರು ಪಾಚಿಗಳು ಇಂಥ ತಿಳಿ ಕೆರೆಗಳಲ್ಲಿ ಚೆನ್ನಾಗಿ ಸಿಗುತ್ತವೆ. ಎರಡು ಅರ್ಧಗಳು ಒಂದನ್ನೊಂದು ಕನ್ನಡಿಯಲ್ಲಿ ನೋಡುತ್ತಿರುವಂತೆ ಇರುವ ಅವುಗಳ ಅಂದಕ್ಕೆ ಸಾಟಿಯಿಲ್ಲ.

ಶಿವರಾತ್ರಿ ಹೊತ್ತಿಗೆ ಎಲ್ಲವೂ ಬದಲಾಗುತ್ತದೆ. ಒಳಹರಿವು ನಿಂತಿದೆ. ರೊಬಸ್ಟಾ ಹೂವಿಗೆಂದು ಸ್ಪ್ರಿಂಕ್ಲರ್ ಹೂಡಿ ಕೆರೆಯ ನೀರನ್ನೂ ಎತ್ತಿದ್ದೀರಿ. ಉಳಿದ ನೀರು ಕಡಿಮೆ, ಬೆಚ್ಚಗೆ, ನಿಶ್ಚಲ. ಜೊತೆಗೆ ತಳದಲ್ಲಿ ಇನ್ನೊಂದು ವ್ಯವಹಾರ ನಡೆಯುತ್ತಿರುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ ರಂಜಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಜನಕ ಇರುವವರೆಗೆ ಮಾತ್ರ. ಸಿಲ್ವರ್ ಓಕ್, ಹಾಲುವಾಣದ ಎಲೆ ಬಿದ್ದು ಕೊಳೆತು ತಳದ ಆಮ್ಲಜನಕ ಮುಗಿದಾಗ ಕಬ್ಬಿಣದ ಹಿಡಿತ ಸಡಿಲುತ್ತದೆ. ಮಳೆಗಾಲದಲ್ಲಿ ಮಣ್ಣಿನ ಜೊತೆ ಬಂದು ಕೂತಿದ್ದ ರಂಜಕ ಆಗ ನೀರಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಗೊಬ್ಬರ ಹಾಕದಿದ್ದರೂ ಕೆರೆ ಹಸಿರಾಗುವುದೇಕೆ ಎಂದು ಬಹಳ ಜನ ಕೇಳುತ್ತಾರೆ. ಹಿಂದಿನ ಜುಲೈಯ ಗೊಬ್ಬರ ಮಾರ್ಚಿನಲ್ಲಿ ಲೆಕ್ಕಕ್ಕೆ ಬರುತ್ತದೆ, ಅಷ್ಟೇ.

ನೀವು ಕಂಡ ಇಟ್ಟಿಗೆ ಕೆನೆ ಬಹುಪಾಲು ಯೂಗ್ಲೀನಾ ಸ್ಯಾಂಗ್ವಿನಿಯಾ ಎಂಬ ಸೂಕ್ಷ್ಮಜೀವಿಯದು. ಪ್ರತಿ ಕೋಶದಲ್ಲೂ ಹಸಿರಿನ ಜೊತೆಗೆ ಕೆಂಪು ವರ್ಣದ ಕಣಗಳಿರುತ್ತವೆ. ಬಿಸಿಲು ಚುರುಕಾದಾಗ ಕೆಂಪು ಕಣಗಳು ಕೋಶದ ಅಂಚಿಗೆ ಬಂದು ಹಸಿರನ್ನು ಮುಚ್ಚುತ್ತವೆ, ಬಿಸಿಲಿಳಿದಾಗ ನಡುವಿಗೆ ಹಿಂದಿರುಗುತ್ತವೆ. ಸಗಣಿ, ಗಂಜಲದ ನೀರು ಸೇರುವ ಕೆರೆಗಳಲ್ಲಿ ಇದು ಹೆಚ್ಚು. ದಟ್ಟವಾಗಿ ಬೆಳೆದರೆ ಮೀನಿಗೆ ವಿಷವಾಗುತ್ತದೆ.

ದನಗಳ ವಿಷಯದಲ್ಲಿ ಭಯಪಡಬೇಕಾದದ್ದು ಇನ್ನೊಂದಕ್ಕೆ: ಹಸಿರು ಪೇಂಟ್ ಚೆಲ್ಲಿದಂತೆ ಗಾಳಿ ಬಂದ ದಿಕ್ಕಿನ ಎದುರು ದಂಡೆಗೆ ಒತ್ತರಿಸುವ ನೀಲಿ-ಹಸಿರು ಪಾಚಿ, ಮುಖ್ಯವಾಗಿ ಮೈಕ್ರೋಸಿಸ್ಟಿಸ್. ಇದು ತನ್ನೊಳಗೆ ಗಾಳಿಯ ಪೊಟ್ಟಣಗಳನ್ನು ಇಟ್ಟುಕೊಂಡು ತೇಲುತ್ತದೆ. ಇದರ ಕೆಲವು ತಳಿಗಳು ಯಕೃತ್ತನ್ನು ಹಾಳುಮಾಡುವ ವಿಷ ತಯಾರಿಸುತ್ತವೆ. ಕುದಿಸಿದರೂ ಅದು ಹೋಗದು. ಕೈಗವಸು ಹಾಕಿ ಒಂದು ಕೋಲು ಅದ್ದಿ ಎತ್ತಿ. ಕೂದಲಿನಂಥ ಎಳೆಗಳು ಜೋತುಬಿದ್ದರೆ ಅದು ಸ್ಪೈರೋಗೈರಾದಂಥ ನೂಲುಪಾಚಿ, ಅಪಾಯವಿಲ್ಲ. ಬಣ್ಣ ಬಳಿದಂತೆ ಅಂಟಿ ಬಂದರೆ ಅನುಮಾನಿಸಿ. ಅದೇ ನೀರನ್ನು ಗಾಜಿನ ಬಾಟಲಿಗೆ ತುಂಬಿ ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಗ್ಗೆ ಹಸಿರೆಲ್ಲ ಮೇಲೆ ಬಂದು ಉಂಗುರ ಕಟ್ಟಿದ್ದರೆ ಬಹುಮಟ್ಟಿಗೆ ನೀಲಿ-ಹಸಿರು ಪಾಚಿಯೇ. ಅದು ಹೋಗುವವರೆಗೆ ದನವನ್ನೂ ನಾಯಿಯನ್ನೂ ಆ ದಂಡೆಗೆ ಬಿಡಬೇಡಿ, ಮಕ್ಕಳನ್ನು ಈಜಲೂ ಬಿಡಬೇಡಿ.

ಈಗ ಮೈಲುತುತ್ತ. ಬೋರ್ಡೋ ದ್ರಾವಣಕ್ಕೆಂದು ಅದು ಎಲ್ಲ ತೋಟದ ಉಗ್ರಾಣದಲ್ಲೂ ಇರುವುದರಿಂದ ಒಂದೆರಡು ಕಿಲೋ ಕೆರೆಗೆ ಎಸೆಯುವ ಆಸೆ ಸಹಜ. ಪಾಚಿ ಸಾಯುವುದೂ ನಿಜ. ಆದರೆ ಒಟ್ಟಿಗೆ ಸತ್ತ ಕೋಶಗಳು ಒಳಗಿದ್ದ ವಿಷವನ್ನೆಲ್ಲ ಒಮ್ಮೆಗೇ ನೀರಿಗೆ ಬಿಡುತ್ತವೆ. ಕೊಳೆಯುವಾಗ ಆಮ್ಲಜನಕ ಬರಿದಾಗಿ ಮೀನು ಮೇಲೆ ತೇಲುತ್ತದೆ, ತಳದ ರಂಜಕ ಇನ್ನಷ್ಟು ಬಿಡುಗಡೆಯಾಗಿ ಮುಂದಿನ ಪಾಚಿಗೆ ಊಟ ಸಿದ್ಧವಾಗುತ್ತದೆ. ಸುಣ್ಣದಂಶ ಕಡಿಮೆಯಿರುವ ನಮ್ಮ ಮೆದು ನೀರಿನಲ್ಲಿ ಮೈಲುತುತ್ತದ ತಾಮ್ರ ಮೀನಿಗೆ ಇನ್ನೂ ಹೆಚ್ಚು ಮಾರಕ.

ಮಾಡಬೇಕಾದ ಕೆಲಸ ಕೆರೆಯ ಹೊರಗಿದೆ. ಕೊಟ್ಟಿಗೆಯ ನೀರು ನೇರ ಕೆರೆಗೆ ಇಳಿಯದಂತೆ ತಿರುಗಿಸಿ. ಇಳಿಜಾರಿನ ಕಡೆ ಹುಲ್ಲಿನ ಪಟ್ಟಿ ಬಿಡಿ, ಮಣ್ಣು ಅಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ಹೂಳು, ಕೊಳೆತೆಲೆ ಎತ್ತಿಸಿ. ಹಿಂದಿನವರು ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದುದು ಕೆರೆಗೂ ಹೊಲಕ್ಕೂ ಒಳ್ಳೆಯದನ್ನೇ ಮಾಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಪಲ್ಪರ್ ನೀರು. ಹಣ್ಣಿನ ಸಕ್ಕರೆ, ಲೋಳೆ ತುಂಬಿದ ಆ ಹುಳಿ ನೀರು ಕೊಯ್ಲಿನ ತಿಂಗಳುಗಳಲ್ಲಿ, ಹಳ್ಳದ ಹರಿವು ಸಣ್ಣದಾಗುತ್ತಿರುವಾಗಲೇ ಬರುತ್ತದೆ. ಮೊದಲು ಆಮ್ಲಜನಕವನ್ನು ನುಂಗಿ ಮೀನು ಕೊಲ್ಲುತ್ತದೆ, ಆಮೇಲೆ ಪಾಚಿಗೆ ಗೊಬ್ಬರವಾಗುತ್ತದೆ. ಸುಣ್ಣ ಹಾಕಿ ಹುಳಿ ಕಳೆದು, ಹೊಂಡಗಳಲ್ಲಿ ಹಂತಹಂತವಾಗಿ ಕೊಳೆಯಿಸಿ ಆರಿಸುವ ವಿಧಾನಕ್ಕೆ 1925ರಿಂದ ಕಾಫಿಯ ಮೇಲೆ ಕೆಲಸ ಮಾಡುತ್ತಿರುವ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಕೇಳಿ. ನಿಮ್ಮ ಹಳ್ಳದ ಕೆಳಗಿನ ತೋಟದವರೂ ಅದೇ ನೀರನ್ನು ಎತ್ತುತ್ತಾರೆ.

ಈ ವರ್ಷದ ಮಟ್ಟಿಗೆ ಪಂಪಿನ ಫುಟ್‌ವಾಲ್ವನ್ನು ಡ್ರಮ್ಮಿಗೆ ಕಟ್ಟಿ ಕೆನೆಗಿಂತ ಕೆಳಗೆ, ಕೆಸರಿಗಿಂತ ಮೇಲೆ ತೂಗುವಂತೆ ಬಿಡಿ. ಸ್ಪ್ರಿಂಕ್ಲರ್ ನಾಜಲ್‌ಗಳು ಕಟ್ಟುವುದು ಕಡಿಮೆಯಾಗುತ್ತದೆ. ಉಳಿದದ್ದನ್ನು ಜೂನಿನ ಮಳೆ ನೋಡಿಕೊಳ್ಳುತ್ತದೆ.